ಮಿರಜಿನ ಅಮೆರಿಕನ್ ವೈದ್ಯ: ವಿಲಿಯಂ ವಾನ್ಲೆಸ್ ಮತ್ತು ಕೃಷ್ಣಾ–ಘಟಪ್ರಭಾ ತೀರದ ವೈದ್ಯಕೀಯ ಇತಿಹಾಸ

ಕನ್ನಡದ ವಿದ್ಯಾರ್ಥಿಗಳಿಗೆ 1894 ಎಂದೊಡನೆ ನೆನಪಾಗುವುದು ಕಿಟ್ಟೆಲ್ ಅವರ ನಿಘಂಟು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಆ ಮಹಾಕೃತಿ ಹೊರಬಂದ ವರ್ಷವದು. ಅದೇ ವರ್ಷ ಕೃಷ್ಣಾನದಿಯ ಆಚೆಗಿನ ಮಿರಜಿನಲ್ಲಿ ಇನ್ನೊಬ್ಬ ಮಿಷನರಿ ಕಟ್ಟಿದ ಆಸ್ಪತ್ರೆಯ ಬಾಗಿಲು ತೆರೆಯಿತು. ಮೊದಲನೆಯ ಸಂಗತಿ ನಮ್ಮ ಸಾಂಸ್ಕೃತಿಕ ಇತಿಹಾಸದಲ್ಲಿ ಸ್ಥಿರವಾದ ಸ್ಥಾನ ಪಡೆದಿದೆ. ಎರಡನೆಯದು ಕರ್ನಾಟಕದ ಇತಿಹಾಸ ಗ್ರಂಥಗಳಲ್ಲಿ ಒಂದು ಸಾಲಿನ ಉಲ್ಲೇಖವನ್ನೂ ಪಡೆಯುವುದು ಅಪರೂಪ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ, ಲೋಕಾಪುರಗಳ ಹಿರಿಯರ ಮಾತಿನಲ್ಲಿ ‘ಮಿರಜಿಗೆ ಒಯ್ದರು’ ಎಂದರೆ ರೋಗ ಊರಿನ ವೈದ್ಯರ ಕೈಮೀರಿತು ಎಂದೇ ಅರ್ಥ. ಗ್ರಂಥಗಳಲ್ಲಿ ಇಲ್ಲದ ಆಸ್ಪತ್ರೆಯೊಂದು ಆಡುಮಾತಿನಲ್ಲಿ ಹೀಗೆ ಉಳಿದುಬಂದಿದೆ. ಆ ಆಸ್ಪತ್ರೆಯ ಸ್ಥಾಪಕ, ಶಸ್ತ್ರಚಿಕಿತ್ಸಕ ಹಾಗೂ ವೈದ್ಯಶಿಕ್ಷಕ ವಿಲಿಯಂ ಜೇಮ್ಸ್ ವಾನ್ಲೆಸ್ ಅವರ ವೃತ್ತಿಜೀವನವನ್ನು ಪರಿಶೀಲಿಸಿ, ಅದನ್ನು ಈ ಭಾಗದ ಚರಿತ್ರೆಯೊಂದಿಗೆ ಜೋಡಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಂಸ್ಥಾನಗಳ ನಾಡು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಬಾಗಲಕೋಟೆ, ಬೀಳಗಿಗಳು ಮುಂಬಯಿ ಇಲಾಖೆಗೆ ಸೇರಿದ ಬ್ರಿಟಿಷ್ ಪ್ರದೇಶಗಳು. ಮುಧೋಳದಲ್ಲಿ ಘೋರ್ಪಡೆ ಮನೆತನ ಆಳುತ್ತಿತ್ತು. ಜಮಖಂಡಿ, ಸಾಂಗಲಿ, ಮಿರಜ ಸಂಸ್ಥಾನಗಳು ಪಟವರ್ಧನ ಮನೆತನದ ಬೇರೆಬೇರೆ ಶಾಖೆಗಳ ವಶದಲ್ಲಿದ್ದವು. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಜೋಡಿಯಾಗಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಹೀಗಾಗಿ ರಬಕವಿ, ತೇರದಾಳಗಳ ನೇಕಾರನಿಗೆ ಸಾಂಗಲಿ ಪರಸ್ಥಳವಾಗಿರಲಿಲ್ಲ. ಅದು ಅವನ ರಾಜಧಾನಿ. ಅದಕ್ಕೆ ಹೊಂದಿಕೊಂಡ ಮಿರಜ ಅವನ ಪೇಟೆ, ಅವನ ರೈಲು ನಿಲ್ದಾಣ, ಮೀರಾಸಾಹೇಬರ ದರ್ಗಾದಿಂದಾಗಿ ಹರಕೆಯ ಊರೂ ಹೌದು.

1890ರ ಸುಮಾರಿಗೆ ಸದರ್ನ್ ಮರಾಠಾ ರೈಲುಮಾರ್ಗ ಲೋಂಡಾ, ಬೆಳಗಾವಿ, ಗೋಕಾಕ ರೋಡ್, ಕುಡಚಿಗಳ ಮೂಲಕ ಮಿರಜನ್ನು ಮುಟ್ಟಿ ಪುಣೆಯ ಕಡೆಗೆ ಸಾಗಿತು. ಮಿರಜ ಜಂಕ್ಷನ್ ಆಯಿತು. ಲೋಕಾಪುರದ ರೋಗಿಯೊಬ್ಬನನ್ನು ಅಲ್ಲಿಗೆ ಕರೆದೊಯ್ಯಬೇಕಾದರೆ ಬಂಡಿಯಲ್ಲಿ ಘಟಪ್ರಭೆಯನ್ನು ದಾಟಿ, ಮುಧೋಳ, ಮಹಾಲಿಂಗಪುರಗಳ ಮಾರ್ಗವಾಗಿ ಕುಡಚಿಯ ಕಡೆಗೆ ನಡೆದು, ಅಲ್ಲಿ ರೈಲು ಹತ್ತಿ ಕೃಷ್ಣೆಯ ಸೇತುವೆಯನ್ನು ದಾಟಬೇಕಾಗುತ್ತಿತ್ತು. ಎರಡು ನದಿಗಳ ಈ ಪ್ರಯಾಣ ಮಳೆಗಾಲದಲ್ಲಿ ಸುಲಭವಾಗಿರಲಿಲ್ಲ. ಹಾಗಿದ್ದೂ ಜನ ಹೋದರೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಶಿಕ್ಷಣ ಮತ್ತು ಆಗಮನ

ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ವೈದ್ಯಶಿಕ್ಷಣ ಪಡೆದದ್ದು ನ್ಯೂಯಾರ್ಕಿನಲ್ಲಿ. ಅವರನ್ನು ಭಾರತಕ್ಕೆ ಕಳುಹಿಸಿದ್ದು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್. ಜೀವನದ ಕೊನೆಯಲ್ಲಿ, 1932ರಲ್ಲಿ ಪ್ರಕಟವಾದ ತಮ್ಮ ಅನುಭವ ಕಥನಕ್ಕೆ ಅವರು ಇಟ್ಟ ಹೆಸರು ‘ಆ್ಯನ್ ಅಮೆರಿಕನ್ ಡಾಕ್ಟರ್ ಅಟ್ ವರ್ಕ್ ಇನ್ ಇಂಡಿಯಾ’. ಹುಟ್ಟಿನಿಂದ ಕೆನಡಾದವರಾದರೂ ವೃತ್ತಿಯಿಂದ ಅವರು ತಮ್ಮನ್ನು ಅಮೆರಿಕನ್ ವೈದ್ಯನೆಂದೇ ಗುರುತಿಸಿಕೊಂಡರು.

ಅವರು ಪದವಿ ಪಡೆದ 1889ರ ವೇಳೆಗೆ ಪಾಶ್ಚಾತ್ಯ ಶಸ್ತ್ರವೈದ್ಯವು ಮೂರು ದೊಡ್ಡ ಬದಲಾವಣೆಗಳನ್ನು ಕಂಡಿತ್ತು. ಮೊದಲನೆಯದು ಅಂಗರಚನಾಶಾಸ್ತ್ರದ ಬೋಧನೆಗೆ ದೊರೆತ ಕಾನೂನಿನ ಬೆಂಬಲ. ಬ್ರಿಟನ್ನಿನಲ್ಲಿ 1832ರಲ್ಲಿ, ನ್ಯೂಯಾರ್ಕಿನಲ್ಲಿ 1854ರಲ್ಲಿ ಜಾರಿಗೆ ಬಂದ ಕಾಯಿದೆಗಳು ವಾರಸುದಾರರಿಲ್ಲದ ಶವಗಳನ್ನು ವೈದ್ಯವಿದ್ಯಾರ್ಥಿಗಳ ಅಭ್ಯಾಸಕ್ಕೆ ಒದಗಿಸಿದವು. ಸ್ಮಶಾನದಿಂದ ಕದ್ದು ತಂದ ಹೆಣಗಳ ಮೇಲೆ ಕಲಿಯುವ ಕೆಟ್ಟ ರೂಢಿಗೆ ಇವು ತಡೆಯೊಡ್ಡಿದವು. ಎರಡನೆಯದು ಅರಿವಳಿಕೆ. ಬಾಸ್ಟನ್ನಿನಲ್ಲಿ 1846ರಲ್ಲಿ ಈಥರ್ ಪ್ರಯೋಗ ಯಶಸ್ವಿಯಾಯಿತು. ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದಿತು. ಮೂರನೆಯದು 1867ರಲ್ಲಿ ಜೋಸೆಫ್ ಲಿಸ್ಟರ್ ಪ್ರತಿಪಾದಿಸಿದ ನಂಜುನಿರೋಧಕ ಪದ್ಧತಿ. ದೇಹದ ಒಳರಚನೆಯ ನಿಖರ ಜ್ಞಾನ, ನೋವಿಲ್ಲದ ನಿದ್ರೆ, ಕೀವಾಗದ ಗಾಯ ಇವು ಮೂರೂ ಒಂದುಗೂಡಿದಾಗ ಮಾತ್ರ ಹೊಟ್ಟೆಯನ್ನು ತೆರೆದು ಮತ್ತೆ ಹೊಲಿಯುವ ಸಾಹಸ ಸಾಧ್ಯವಾಯಿತು. ಈ ಹೊಸ ವಿದ್ಯೆಯನ್ನು ಕಲಿತ ತಲೆಮಾರಿನ ತರುಣನಾಗಿ ವಾನ್ಲೆಸ್ 1889ರಲ್ಲಿ ಪತ್ನಿ ಮೇರಿಯವರೊಂದಿಗೆ ಭಾರತಕ್ಕೆ ಬಂದರು. ಮೇರಿ ತರಬೇತಿ ಪಡೆದ ದಾದಿಯಾಗಿದ್ದರು. ಕೊಲ್ಲಾಪುರದ ಮೇರಿ ವಾನ್ಲೆಸ್ ಆಸ್ಪತ್ರೆ ಆಕೆಯ ಹೆಸರನ್ನೇ ಹೊತ್ತಿದೆ.

ದಂಪತಿಗಳು ಮೊದಲು ನೆಲೆಸಿದ್ದು ಸಾಂಗಲಿಯಲ್ಲಿ. ಅಲ್ಲಿ ಸಣ್ಣ ದವಾಖಾನೆಯಿಂದ ಕೆಲಸ ಆರಂಭವಾಗಿ, ಅನಂತರ ಕೇಂದ್ರ ಮಿರಜಿಗೆ ಬದಲಾಯಿತು. ಆಸ್ಪತ್ರೆಯ ಕಟ್ಟಡಕ್ಕೆ ಧನಸಹಾಯ ಮಾಡಿದವರು ಫಿಲಡೆಲ್ಫಿಯಾದ ಜಾನ್ ಕನ್ವರ್ಸ್. ಅವರು ಬಾಲ್ಡ್ವಿನ್ ಎಂಬ ಪ್ರಸಿದ್ಧ ರೈಲು ಎಂಜಿನ್ ಕಾರ್ಖಾನೆಯ ಪಾಲುದಾರರು. ರೈಲು ಎಂಜಿನ್ನುಗಳಿಂದ ಗಳಿಸಿದ ಹಣದಲ್ಲಿ ಎದ್ದ ಆಸ್ಪತ್ರೆಗೆ ರೋಗಿಗಳನ್ನು ತಂದು ಇಳಿಸಿದ್ದೂ ರೈಲೇ ಎಂಬುದು ಗಮನಾರ್ಹ.

ಶಸ್ತ್ರಚಿಕಿತ್ಸಕ

ಆ ಕಾಲದಲ್ಲಿ ಈ ಭಾಗದ ಜನರಿಗೆ ವೈದ್ಯವೇ ಇರಲಿಲ್ಲವೆಂದು ತಿಳಿಯಬಾರದು. ಆಯುರ್ವೇದದ ಪಂಡಿತರು, ಯುನಾನಿ ಹಕೀಮರು, ನಾಟಿ ವೈದ್ಯರು, ಎಲುಬು ಕೂಡಿಸುವವರು, ಸೂಲಗಿತ್ತಿಯರು ಇದ್ದರು. ಸಂಸ್ಥಾನಗಳು ತಮ್ಮ ಪಟ್ಟಣಗಳಲ್ಲಿ ದವಾಖಾನೆಗಳನ್ನೂ ನಡೆಸುತ್ತಿದ್ದವು. ಇಲ್ಲದಿದ್ದುದು ದೊಡ್ಡ ಶಸ್ತ್ರಚಿಕಿತ್ಸೆ. ಕಣ್ಣಿನ ಪೊರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಊರೂರು ಅಲೆಯುತ್ತಿದ್ದ ಕಣ್ಣುವೈದ್ಯರು ಸೂಜಿಯಿಂದ ಮಬ್ಬಾದ ಮಸೂರವನ್ನು ಪಾಪೆಯ ಹಿಂದಕ್ಕೆ, ಕಣ್ಣುಗುಡ್ಡೆಯ ಒಳಕ್ಕೆ ತಳ್ಳುತ್ತಿದ್ದರು. ಕೂಡಲೇ ಬೆಳಕು ಕಾಣುತ್ತಿತ್ತು. ವೈದ್ಯನು ಸಂಭಾವನೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದನು. ತಳ್ಳಲ್ಪಟ್ಟ ಮಸೂರ ಕಣ್ಣಿನಲ್ಲಿಯೇ ಉಳಿದು ಉರಿಯೂತಕ್ಕೂ ಒತ್ತಡಕ್ಕೂ ಕಾರಣವಾಗಿ, ಎಷ್ಟೋ ಜನರ ಪಾಲಿಗೆ ಆ ಬೆಳಕು ಮತ್ತೆ ಆರಿಹೋಗುತ್ತಿತ್ತು. ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ವಿಧಾನ ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ಅದಕ್ಕೆ ಕಣ್ಣಿನ ರಚನೆಯ ಸೂಕ್ಷ್ಮ ತಿಳಿವಳಿಕೆ, ಶುದ್ಧವಾದ ಉಪಕರಣ, ಹಲವು ದಿನಗಳ ಆರೈಕೆ ಮತ್ತು ಬಳಿಕ ದಪ್ಪ ಗಾಜಿನ ಕನ್ನಡಕ ಬೇಕು. ಇವೆಲ್ಲವೂ ಒಂದೇ ಸೂರಿನಡಿ ದೊರೆಯುವ ಸ್ಥಳವೇ ಆಸ್ಪತ್ರೆ.

ವಾನ್ಲೆಸ್ ಅವರ ಕೀರ್ತಿ ಹಬ್ಬಿದ್ದು ಮುಖ್ಯವಾಗಿ ಇಂಥ ಶಸ್ತ್ರಚಿಕಿತ್ಸೆಗಳಿಂದ. ಔಷಧದ ಗುಣವನ್ನು ಜನ ಹಲವು ಕಾರಣಗಳಿಗೆ ಆರೋಪಿಸಬಹುದು. ಆದರೆ ಕುರುಡನಾಗಿ ಹೋದ ಮುದುಕ ತಾನೇ ನಡೆದು ಮನೆಗೆ ಬಂದದ್ದನ್ನು ಊರೆಲ್ಲ ನೋಡುತ್ತದೆ. ಮಿರಜಿನ ಹೆಸರು ಕೃಷ್ಣೆಯ ಈಚೆಗೆ ಹರಡಿದ ಬಗೆಯನ್ನು ಹೀಗೆ ಗ್ರಹಿಸಬೇಕು. ಅವರು ಅಮೆರಿಕದ ಶಸ್ತ್ರವೈದ್ಯರ ಕಾಲೇಜಿನ ಸದಸ್ಯತ್ವದ ಗೌರವಕ್ಕೆ ಪಾತ್ರರಾದರು. ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕವನ್ನು ನೀಡಿತು.

ಶಿಕ್ಷಕ

ವಾನ್ಲೆಸ್ ಒಬ್ಬ ನಿಪುಣ ಶಸ್ತ್ರಚಿಕಿತ್ಸಕನಾಗಿ ಮಾತ್ರ ಉಳಿದಿದ್ದರೆ ಅವರೊಡನೆ ಅವರ ಕೆಲಸವೂ ಮುಗಿಯುತ್ತಿತ್ತು. ಆಸ್ಪತ್ರೆ ತೆರೆದ ಮೂರೇ ವರ್ಷಗಳಲ್ಲಿ, 1897ರಲ್ಲಿ, ಮಿರಜಿನಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ಅವರ ವೃತ್ತಿಜೀವನದ ಅತ್ಯಂತ ಮಹತ್ವದ ಹೆಜ್ಜೆ ಇದೆಂದು ಪ್ರಸ್ತುತ ಲೇಖಕನ ಅಭಿಪ್ರಾಯ. ಕ್ಷಾಮ ಮತ್ತು ಪ್ಲೇಗುಗಳಿಂದ ಮುಂಬಯಿ ಇಲಾಖೆ ತತ್ತರಿಸುತ್ತಿದ್ದ ವರ್ಷಗಳವು. ಒಬ್ಬ ವೈದ್ಯನ ಎರಡು ಕೈಗಳು ಸಾಲವು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

ಶಸ್ತ್ರಚಿಕಿತ್ಸೆಯನ್ನು ಕಲಿಸುವುದೆಂದರೆ ಮೊದಲು ಅಂಗರಚನೆಯನ್ನು ಕಲಿಸುವುದು. ಯಾವ ನರ ಎಲ್ಲಿ ಹಾಯುತ್ತದೆ, ಯಾವ ರಕ್ತನಾಳ ಯಾವ ಸ್ನಾಯುವಿನ ಅಡಿಯಲ್ಲಿದೆ ಎಂದು ತಿಳಿಯದ ಕೈಗೆ ಚೂರಿ ಕೊಡಲಾಗದು. ಭಾರತದಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯಿದೆ. ಸುಶ್ರುತಸಂಹಿತೆ ಶವವನ್ನು ನೀರಿನಲ್ಲಿ ಕೊಳೆಸಿ ಪದರಪದರವಾಗಿ ಪರೀಕ್ಷಿಸುವ ಕ್ರಮವನ್ನು ವಿವರಿಸುತ್ತದೆ. ಕಾಲಾಂತರದಲ್ಲಿ ಮೈಲಿಗೆಯ ಕಲ್ಪನೆ ಬಲಿತು ಆ ಅಭ್ಯಾಸ ನಿಂತುಹೋಯಿತು. 1836ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ಮಾಡಿದಾಗ ಅದು ಹೊಸ ಯುಗದ ಆರಂಭವೆಂದು ಗಣಿಸಲ್ಪಟ್ಟಿತು. 1845ರಲ್ಲಿ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಆದರೆ ಜಮಖಂಡಿಯ ಅಥವಾ ಮುಧೋಳದ ಹುಡುಗನಿಗೆ ಮುಂಬಯಿ ಬಹುದೂರ. ಅದರ ಖರ್ಚು ಇನ್ನೂ ದೂರ. ಇಂಥ ಪರಿಸ್ಥಿತಿಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ನಡುವೆಯೇ ವೈದ್ಯಶಿಕ್ಷಣದ ಕೇಂದ್ರವೊಂದು ಹುಟ್ಟಿತೆಂಬುದೇ ಒಂದು ಐತಿಹಾಸಿಕ ಘಟನೆ. ಅದು ವಿಶ್ವವಿದ್ಯಾಲಯದ ಪದವಿ ಕೊಡುವ ಕಾಲೇಜಾಗಿರಲಿಲ್ಲ. ಮಿಷನ್ನಿನ ಆಸ್ಪತ್ರೆ, ದವಾಖಾನೆಗಳಿಗೆ ಬೇಕಾದ ಭಾರತೀಯ ವೈದ್ಯರನ್ನು ಸಿದ್ಧಪಡಿಸುವುದು ಅದರ ಗುರಿಯಾಗಿತ್ತು. ಪಾಠದ ಕೋಣೆ ಮತ್ತು ರೋಗಿಯ ಮಂಚ ಅಕ್ಕಪಕ್ಕದಲ್ಲಿದ್ದುದು ಅದರ ಬಲ.

ದಾದಿಯರ ತರಬೇತಿಯೂ ಇದಕ್ಕೆ ಸಮನಾದ ಮಹತ್ವವುಳ್ಳದ್ದು. ಹೆಣ್ಣುಮಗಳೊಬ್ಬಳು ಪರರ ಮಲಮೂತ್ರ, ರಕ್ತಗಳನ್ನು ಮುಟ್ಟಿ ಸಂಬಳ ಪಡೆಯುವುದು ಅಂದಿನ ಸಮಾಜಕ್ಕೆ ಒಪ್ಪಿಗೆಯ ಸಂಗತಿಯಾಗಿರಲಿಲ್ಲ. ಆದುದರಿಂದಲೇ ಮೊದಲ ತಲೆಮಾರಿನ ದಾದಿಯರು ಬಹುಮಟ್ಟಿಗೆ ಕ್ರೈಸ್ತ ಕುಟುಂಬಗಳಿಂದ ಬಂದರು. ಇಂದು ಗೌರವದ ವೃತ್ತಿಯೆನಿಸಿರುವ ಶುಶ್ರೂಷೆಗೆ ಅವರು ತೆತ್ತ ಬೆಲೆಯನ್ನು ಇತಿಹಾಸಕಾರರು ಮರೆಯಬಾರದು.

ಕುಷ್ಠ ಮತ್ತು ಕ್ಷಯ

1900ರಲ್ಲಿ ಮಿರಜಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ಸ್ಥಾಪನೆಯಾಯಿತು. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರೂ ಪರಿಣಾಮಕಾರಿ ಔಷಧ ದೊರೆತದ್ದು 1940ರ ದಶಕದಲ್ಲಿ. ನಡುವಿನ ಕಾಲದಲ್ಲಿ ವೈದ್ಯನು ಕೊಡಬಹುದಾಗಿದ್ದುದು ಗಾಯದ ಶುಶ್ರೂಷೆ, ಅನ್ನ, ನೆರಳು ಮಾತ್ರ. ಊರ ಹೊರಗೆ ತಳ್ಳಲ್ಪಟ್ಟವರಿಗೆ ಅದು ಸಣ್ಣ ಸಂಗತಿಯಲ್ಲ. 1920ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಆರಂಭವಾಯಿತು. ಆ ನೆಲೆ ‘ವಾನ್ಲೆಸ್‌ವಾಡಿ’ ಎಂಬ ಹೆಸರು ಪಡೆಯಿತು. ಕ್ಷಯಕ್ಕೂ ಆಗ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಆಹಾರ ಇವೇ ಚಿಕಿತ್ಸೆ. ಇಕ್ಕಟ್ಟಾದ ಮನೆಗಳಲ್ಲಿ ಮಗ್ಗದ ಕುಳಿಯ ಮುಂದೆ ದಿನವಿಡೀ ಕೂತು ಕೆಲಸ ಮಾಡುವ ನೇಕಾರರ ಊರುಗಳಿಗೆ ಕ್ಷಯವು ಎಂಥ ಶತ್ರುವೆಂಬುದನ್ನು ವಿವರಿಸಬೇಕಾಗಿಲ್ಲ. ಗುಣಪಡಿಸಲಾಗದ ರೋಗಗಳಿಗೂ ವೈದ್ಯನು ಹೊಣೆಗಾರನೆಂಬ ನಿಲುವು ಈ ಎರಡು ಸಂಸ್ಥೆಗಳಲ್ಲಿ ವ್ಯಕ್ತವಾಗಿದೆ.

ಮೌಲ್ಯಮಾಪನದ ತೊಡಕುಗಳು

ಇಷ್ಟು ಹೇಳಿದ ಮಾತ್ರಕ್ಕೆ ವಾನ್ಲೆಸ್ ಅವರನ್ನು ಪ್ರಶ್ನಾತೀತ ಪುಣ್ಯಪುರುಷರನ್ನಾಗಿ ಚಿತ್ರಿಸಬೇಕಾಗಿಲ್ಲ. ಅವರು ಮಿಷನರಿ, ಧರ್ಮಪ್ರಸಾರ ಅವರ ಘೋಷಿತ ಉದ್ದೇಶ. 1898ರಷ್ಟು ಮುಂಚೆಯೇ ವೈದ್ಯಕೀಯ ಮಿಷನ್ನಿನ ಸ್ಥಾನ ಮತ್ತು ಸಾಮರ್ಥ್ಯವನ್ನು ಪ್ರತಿಪಾದಿಸಿ ಅವರು ಪುಸ್ತಕ ಬರೆದರು. ನೋವಿನಲ್ಲಿರುವವನಿಗೆ ಮತೋಪದೇಶ ಮಾಡುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಅನೇಕರು ಎತ್ತಿದರು. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ವೈದ್ಯವೃತ್ತಿಯನ್ನೇ ಕಟುವಾಗಿ ವಿಮರ್ಶಿಸಿದ್ದರು. ಈ ಟೀಕೆಗಳು ಅರ್ಥಹೀನವಲ್ಲ. ಆದರೆ ಆಸ್ಪತ್ರೆಗೆ ಹೋದ ಬಹುಸಂಖ್ಯಾತರು ತಮ್ಮ ದೇವರನ್ನು ತಮ್ಮೊಡನೆಯೇ ಇಟ್ಟುಕೊಂಡು ಮರಳಿ ಬಂದರು ಎಂಬುದೂ ಅಷ್ಟೇ ನಿಜ. ಜನ ಉಪದೇಶವನ್ನು ಕೇಳಿಸಿಕೊಂಡರು. ಗುಣಮುಖರಾಗಿ ಊರಿಗೆ ಬಂದು ಬಸವಣ್ಣನಿಗೋ ಹನುಮಂತನಿಗೋ ಕಾಯಿ ಒಡೆಸಿದರು. ಹಳ್ಳಿಯ ವಿವೇಕ ವೈದ್ಯವನ್ನೂ ಮತವನ್ನೂ ಬೇರ್ಪಡಿಸಿ ನೋಡಬಲ್ಲದಾಗಿತ್ತು.

ಟೀಕೆಗಿಂತ ಹೆಚ್ಚು ಫಲಪ್ರದವಾದದ್ದು ಸ್ವದೇಶೀ ಪ್ರತ್ಯುತ್ತರ. 1929ರಲ್ಲಿ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮ ಹುಟ್ಟಿತು. ಅದರೊಂದಿಗೆ ನಿಕಟ ಸಂಬಂಧ ಹೊಂದಿದ್ದ ಡಾ. ನಾ.ಸು. ಹರ್ಡೀಕರ್ ಅವರೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯವನ್ನು ಅಭ್ಯಸಿಸಿ 1921ರಲ್ಲಿ ಸ್ವದೇಶಕ್ಕೆ ಮರಳಿದವರು. ಹಿಂದೂಸ್ತಾನಿ ಸೇವಾದಳದ ಸಂಸ್ಥಾಪಕರು. ಅಮೆರಿಕದಿಂದ ಬಂದ ವೈದ್ಯನೊಬ್ಬ ಮಿರಜಿನಲ್ಲಿ ಮಾಡಿದ್ದಕ್ಕೆ ಹೋಲುವ ಕೆಲಸವನ್ನು, ಅಮೆರಿಕಕ್ಕೆ ಹೋಗಿಬಂದ ಕನ್ನಡಿಗ ವೈದ್ಯನೊಬ್ಬ ಸ್ವರಾಜ್ಯದ ಸಂಕಲ್ಪದಿಂದ ಬೆಂಬಲಿಸಿದ ಕಥೆಯಿದು. ಇವೆರಡನ್ನೂ ಒಟ್ಟಿಗೆ ಓದಬೇಕು.

ಗಡಿ ಮತ್ತು ಮರೆವು

ವಾನ್ಲೆಸ್ 1928ರಲ್ಲಿ ‘ಸರ್’ ಪದವಿಗೆ ಪಾತ್ರರಾಗಿ ಅದೇ ವರ್ಷ ನಿವೃತ್ತರಾದರು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಧನ ಹೊಂದಿದರು. 1910ರ ಸುಮಾರಿನಲ್ಲಿ ಮಿರಜಿಗೆ ಬಂದಿದ್ದ ಡಾ. ಚಾರ್ಲ್ಸ್ ವೇಲ್ ಆಸ್ಪತ್ರೆಯ ಹೊಣೆಯನ್ನು ಮುಂದುವರಿಸಿದರು. 1944ರಲ್ಲಿ ಎರಡನೆಯ ಪತ್ನಿ ಲಿಲಿಯನ್ ಅವರು ಪತಿಯ ಜೀವನಚರಿತ್ರೆಯನ್ನು ಪ್ರಕಟಿಸಿದರು.

ಅನಂತರದ ರಾಜಕೀಯ ಬೆಳವಣಿಗೆಗಳು ಸುಪರಿಚಿತ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಜಮಖಂಡಿ, ಮುಧೋಳಗಳು ವಿಜಾಪುರ ಜಿಲ್ಲೆಯೊಂದಿಗೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಸಾಂಗಲಿ, ಮಿರಜಗಳು ಗಡಿಯ ಆಚೆ ಉಳಿದವು. ಏಕೀಕರಣ ನಮ್ಮ ಪಾಲಿಗೆ ಸಂಭ್ರಮದ ಘಟನೆ. ಅದರೊಂದಿಗೆ ನಮ್ಮ ಇತಿಹಾಸ ಲೇಖನದಲ್ಲಿ ಒಂದು ಕುರುಡುತನವೂ ಸೇರಿಕೊಂಡಿತು. ಗಡಿಯ ಆಚೆಗೆ ಹೋದ ಸಂಸ್ಥೆಗಳ ಇತಿಹಾಸವೂ ಆಚೆಗೆ ಹೋಯಿತು. ಮರಾಠಿಯಲ್ಲಿ ವಾನ್ಲೆಸ್ ಸಾಂಗಲಿ ಜಿಲ್ಲೆಯ ಚರಿತ್ರೆಯ ಭಾಗ. ಕನ್ನಡದಲ್ಲಿ ಅವರು ಯಾರ ಭಾಗವೂ ಅಲ್ಲ.

ಸಂಗೀತದ ಇತಿಹಾಸಕಾರರು ಈ ತಪ್ಪು ಮಾಡಲಿಲ್ಲ. ಮಿರಜಿನಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರನ್ನಾಗಲಿ, ಮಲ್ಲಿಕಾರ್ಜುನ ಮನ್ಸೂರರಿಗೆ ಪಾಠ ಹೇಳಿದ ಮಿರಜಿನ ನೀಲಕಂಠಬುವಾ ಅವರನ್ನಾಗಲಿ ಬಿಟ್ಟು ಹಿಂದೂಸ್ತಾನಿ ಸಂಗೀತದ ಕನ್ನಡ ಪರಂಪರೆಯನ್ನು ಬರೆಯಲಾಗದೆಂದು ಅವರಿಗೆ ಗೊತ್ತು. ರಾಗಕ್ಕೆ ಇಲ್ಲದ ಗಡಿ ರೋಗಕ್ಕೂ ಇರಲಿಲ್ಲ.

ಈ ಮರೆವಿನಿಂದ ಆಗಿರುವ ನಷ್ಟ ಕೇವಲ ಭಾವನಾತ್ಮಕವಲ್ಲ. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಮಿರಜಿನ ವೈದ್ಯಕೀಯ ಶಾಲೆ 1897, ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು 1957, ಮಿರಜಿನಲ್ಲಿ ವಾನ್ಲೆಸ್ ಆಸ್ಪತ್ರೆಯ ಸಹಯೋಗದೊಂದಿಗೆ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯ 1962, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002. ಮೈಸೂರು ರಾಜ್ಯದ ಅಂಗರಚನಾ ಕಾಯಿದೆ ಜಾರಿಗೆ ಬಂದದ್ದೂ 1957ರಲ್ಲಿ. ಮಿರಜಿನ ಮೊದಲ ಪಾಠಕ್ಕೂ ಇಂದಿನ ಬಾಗಲಕೋಟೆ ಜಿಲ್ಲೆಯ ನೆಲದಲ್ಲಿ ವೈದ್ಯಕೀಯ ಕಾಲೇಜಿನ ಮೊದಲ ಅಂಗರಚನಾ ಪಾಠಕ್ಕೂ ನಡುವೆ 105 ವರ್ಷಗಳ ಅಂತರವಿದೆ. ಆ 105 ವರ್ಷಗಳಲ್ಲಿ ಎರಡು ನದಿಗಳನ್ನು ದಾಟಿದವರ ಕಥೆಯೇ ಈ ಭಾಗದ ಆರೋಗ್ಯದ ಇತಿಹಾಸ. ದಾಟಲಾಗದೆ ಊರಿನಲ್ಲಿಯೇ ಉಳಿದವರ ಕಥೆಯೂ ಅದರಲ್ಲಿ ಸೇರಿದೆ.

ಉಪಸಂಹಾರ

ವಾನ್ಲೆಸ್ ರೋಗಿಯನ್ನು ಆಸ್ಪತ್ರೆಗೆ ಬರಮಾಡಿಕೊಂಡರು. ಇದಕ್ಕೆ ಪೂರಕವಾದ ಇನ್ನೊಂದು ಮಾದರಿ ಇದೇ ನೆಲದಲ್ಲಿ ಹುಟ್ಟಿದ ವೈದ್ಯರೊಬ್ಬರಿಂದ ಬಂದಿತೆಂಬುದನ್ನು ಇಲ್ಲಿ ನೆನೆಯಬೇಕು. ಬೀಳಗಿಯಲ್ಲಿ ಜನಿಸಿದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ ಅವರು 1943ರಿಂದ ಸಾಮೂಹಿಕ ನೇತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿ, ಶಸ್ತ್ರಚಿಕಿತ್ಸೆಯನ್ನೇ ರೋಗಿಯ ಊರಿಗೆ ಕೊಂಡೊಯ್ದರು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6,10,564 ಎಂದು ಗಿನ್ನೆಸ್ ದಾಖಲೆ ನಮೂದಿಸಿದೆ. 2005ರಲ್ಲಿ ಅವರು ತೀರಿಕೊಂಡರು. ಮಿರಜಿನ ದಾರಿ ಕ್ರಮಿಸಲಾಗದ ಬಡ ಕುರುಡನನ್ನು ತಲಪಿದ್ದು ಈ ಎರಡನೆಯ ಮಾದರಿ. ಶಿಬಿರ ಮುಗಿದ ಮೇಲೂ ಊರಿಗೆ ವೈದ್ಯನನ್ನು ಉಳಿಸಿಕೊಡಬಲ್ಲದ್ದು ಶಾಲೆಯುಳ್ಳ ಆಸ್ಪತ್ರೆ. ಒಂದಿಲ್ಲದೆ ಇನ್ನೊಂದು ಪೂರ್ಣವಾಗದು.

ವಾನ್ಲೆಸ್ ಮತ್ತು ಅವರ ಪತ್ನಿ ಬರೆದ ಗ್ರಂಥಗಳು ಸಹಜವಾಗಿಯೇ ವೈದ್ಯನ ಕಡೆಯಿಂದ ನೋಡಿದವು. ಮಂಚದ ಮೇಲೆ ಮಲಗಿದ್ದ ಕನ್ನಡಿಗನ ಕಡೆಯಿಂದ ಈ ಚರಿತ್ರೆಯನ್ನು ಬರೆಯುವ ಕೆಲಸ ಬಾಕಿಯಿದೆ. ಅದಕ್ಕೆ ಬೇಕಾದ ಆಕರಗಳು ತಾಮ್ರಪಟಗಳಲ್ಲ, ಶಿಲಾಶಾಸನಗಳೂ ಅಲ್ಲ. ಅಜ್ಜನನ್ನು ಮಿರಜಿಗೆ ಒಯ್ದಾಗ ಮಾರಿದ ಎತ್ತಿನ ಲೆಕ್ಕ, ಪೆಟ್ಟಿಗೆಯಲ್ಲಿ ಉಳಿದ ದಪ್ಪ ಗಾಜಿನ ಕನ್ನಡಕ, ಅಜ್ಜಿ ಹೇಳುತ್ತಿದ್ದ ‘ಗೋರಾ ಡಾಕ್ಟರ’ನ ಕಥೆ ಇವೇ ಅದರ ಆಕರಗಳು. ಈ ಆಕರಗಳು ಕಲ್ಲಿನಂತೆ ಕಾಯುವುದಿಲ್ಲ, ಹೇಳುವವರೊಡನೆ ಹೊರಟುಹೋಗುತ್ತವೆ. ಸಂಶೋಧಕರು ಜಮಖಂಡಿ, ಮುಧೋಳ, ಲೋಕಾಪುರಗಳ ಮನೆಗಳಿಗೆ ಹೋಗಿ ಅವುಗಳನ್ನು ಬರೆದುಕೊಳ್ಳುವುದು ಈ ಅಮೆರಿಕನ್ ವೈದ್ಯನಿಗೂ, ಅವನ ಮೇಜಿನ ಮೇಲೆ ವಿಶ್ವಾಸದಿಂದ ಮಲಗಿದ ನಮ್ಮ ಹಿರಿಯರಿಗೂ ಸಲ್ಲಿಸಬೇಕಾದ ಋಣ.